ಹೊಸ ವಿಂಡೋಸಿಗೆ ಹೋಗುವ ಮೊದಲು ಗೇಣಿಚೀಟು ಓದಿ

ಅಕ್ಕನ ಮಗಳು ನೀರ್ಚಾಲಿನಿಂದ ಫೋನ್ ಮಾಡಿದ್ದಳು. "ಮಾವ, ನನ್ನ ಲ್ಯಾಪ್‌ಟಾಪ್ ವಿಂಡೋಸ್ 11 ಆಯ್ತು. ಮೆನು ಎಲ್ಲ ಕನ್ನಡದಲ್ಲಿ ಬರ್ಲಿ ಅಂತ ಸೆಟ್ಟಿಂಗ್ಸಿಗೆ ಹೋದ್ರೆ ಬಿಡುದೇ ಇಲ್ಲ. ನಿಮ್ಮ ಲೈಸೆನ್ಸಿಗೆ ಒಂದೇ ಭಾಷೆ ಅಂತ ಹೇಳ್ತದೆ. ಎಂತ ಇದು?"

ನನಗೆ ನಗು ಬಂತು. ಅವಳ ಮನೆಯೊಳಗೆ ಹವ್ಯಕ ಕನ್ನಡ. ತೋಟಕ್ಕೆ ಇಳಿದರೆ ತುಳು. ಬಸ್ಸು ಹತ್ತಿದರೆ ಮಲಯಾಳ. ಕಾಲೇಜಿನಲ್ಲಿ ಇಂಗ್ಲಿಷ್. ಸಪ್ತಭಾಷೆಗಳ ನಾಡು ಅಂತ ಪ್ರತಿ ಸಭೆಯಲ್ಲೂ ಹೊಗಳಿಸಿಕೊಳ್ಳುವ ಕಾಸರಗೋಡಿಗೆ ಒಂದೇ ಭಾಷೆಯ ಕಂಪ್ಯೂಟರ್ ಬಂದು ಕೂತಿದೆ!

ಕಂಪ್ಯೂಟರ್ ಹಾಳಾಗಿಲ್ಲ, ಅವಳು ಮಾಡಿದ್ದೂ ತಪ್ಪಲ್ಲ. ಲ್ಯಾಪ್‌ಟಾಪ್ ಕೊಂಡ ದಿನವೇ ಬರೆದಿಟ್ಟಿದ್ದ ಷರತ್ತು ಅದು. ಅಪ್‌ಗ್ರೇಡ್ ಮಾಡಿದಾಗ ಜೊತೆಗೇ ಬಂತು, ಅಷ್ಟೆ. ಕನ್ನಡ ಶಾಲೆಯಲ್ಲಿ ಮಾಸ್ಟ್ರಾಗಿದ್ದಾಗ ಹಲವು ವರ್ಷ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು. ಅದಕ್ಕೋ ಏನೋ, ಊರಲ್ಲಿ ಯಾರ ಕಂಪ್ಯೂಟರಿಗೆ ಜ್ವರ ಬಂದರೂ ಫೋನ್ ನನಗೇ ಬರುತ್ತದೆ. ಈಚೆಗೆ ಬರುವ ಫೋನುಗಳಲ್ಲಿ ಜಾಸ್ತಿ ಪಾಲು ಈ ಅಪ್‌ಗ್ರೇಡಿನದ್ದೇ. ಒಮ್ಮೆ ಕೂತು ಎಲ್ಲವನ್ನೂ ಬರೆದುಬಿಡೋಣ ಅನ್ನಿಸಿತು.

ಮೊದಲು ಈ ಗಡಿಬಿಡಿ ಯಾಕೆ ಅಂತ ನೋಡೋಣ. ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ನಿಂತಿತು ಅಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ. ಮರುದಿನವೂ ಅದು ಹಿಂದಿನ ಹಾಗೆಯೇ ಆನ್ ಆಗುತ್ತದೆ, ಪ್ರಿಂಟ್ ಕೊಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಸುರಕ್ಷತೆಯ ತೂತುಗಳನ್ನು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ಬೇಲಿ ಇದೆ, ಕಟ್ಟುವವನು ಬರುವುದಿಲ್ಲ. ಹಂದಿ ಇವತ್ತೇ ನುಗ್ಗುತ್ತದೆ ಅಂತಲ್ಲ. ಒಂದಲ್ಲ ಒಂದು ರಾತ್ರಿ ನುಗ್ಗುತ್ತದೆ.

ಮುಂದಿನ ಮನೆ ವಿಂಡೋಸ್ 11. ಅದು 2021ರ ಅಕ್ಟೋಬರ್ 5ರಂದೇ ಬಂದಿದೆ. ವಿಂಡೋಸ್ 10 ಇದ್ದವರಿಗೆ ಇದು ಉಚಿತ. ಈ "ಉಚಿತ" ಅನ್ನುವ ಮಾತಿನಲ್ಲೇ ಗೊಂದಲ ಶುರುವಾಗುವುದು.

ಎರಡು ಬಾಗಿಲು

ಹೊಸ ವಿಂಡೋಸಿಗೆ ಹೋಗಬೇಕಾದರೆ ಎರಡು ಬಾಗಿಲು ದಾಟಬೇಕು. ಒಂದು ಯಂತ್ರದ್ದು, ಇನ್ನೊಂದು ಕಾಗದದ್ದು. ಯಂತ್ರಕ್ಕೆ ತಾಕತ್ತು ಉಂಟಾ ಅನ್ನುವುದು ಒಂದು ಪ್ರಶ್ನೆ. ನಿಮಗೆ ಅನುಮತಿ ಉಂಟಾ ಅನ್ನುವುದು ಬೇರೆಯೇ ಪ್ರಶ್ನೆ. ಒಂದು ಬಾಗಿಲಿನ ಬೀಗಕ್ಕೆ ಇನ್ನೊಂದರ ಕೀಲಿ ಹಾಕಿ ತಿರುಗಿಸುವವರೇ ಜಾಸ್ತಿ.

"ಈ ಪಿಸಿಗೆ ವಿಂಡೋಸ್ 11 ಆಗುವುದಿಲ್ಲ" ಅಂತ ಬಂದರೆ ಅದು ಯಂತ್ರದ ಮಾತು. ಆಗ ಎಷ್ಟು ದುಡ್ಡು ಕೊಟ್ಟು ಲೈಸೆನ್ಸ್ ತಂದರೂ ಪ್ರಯೋಜನವಿಲ್ಲ. ಪರದೆಯ ಕೆಳಗೆ ಬಲಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಅಂತ ಮಸುಕಾಗಿ ಕೂತಿದ್ದರೆ ಅದು ಕಾಗದದ ಮಾತು, ಲೈಸೆನ್ಸ್ ಖಾತ್ರಿಯಾಗಿಲ್ಲ ಅಂತ. ಆಗ ರ‍್ಯಾಮ್ ಹೆಚ್ಚಿಸಿದರೆ ಅದು ಹೋಗುವುದಿಲ್ಲ. ಹಾಗೆ ಹೆಚ್ಚಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಯಂತ್ರದ ಬಾಗಿಲನ್ನು ಬೇಗ ಮುಗಿಸೋಣ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, 64 ಬಿಟ್ ಪ್ರೊಸೆಸರ್. ಇಷ್ಟು ಈಗಿನ ಎಲ್ಲ ಯಂತ್ರಗಳಲ್ಲೂ ಇರುತ್ತದೆ. ಸಿಕ್ಕಿಬೀಳುವುದು ಇನ್ನೆರಡು ಕಡೆ. ಒಂದು, ಪ್ರೊಸೆಸರಿನ ತಲೆಮಾರು. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ನಂತರದ್ದು, ಎಎಂಡಿ ಆದರೆ ಹೆಚ್ಚುಕಡಿಮೆ ರೈಜನ್ 2000 ಸಾಲಿನಿಂದ ಈಚೆಗಿನದ್ದು ಬೇಕು. ಐ5 ಅಂತ ಬರೆದ ನಂತರ ಒಂದು ಗೆರೆ, ಅದರ ಮುಂದೆ 7200 ಇದ್ದರೆ ಅದು ಏಳನೇ ತಲೆಮಾರು, ಆಗುವುದಿಲ್ಲ. 8250 ಇದ್ದರೆ ಎಂಟನೆಯದ್ದು, ಆಗುತ್ತದೆ. ಒಂದೆರಡು ವಿನಾಯಿತಿ ಬಿಟ್ಟರೆ ಇದೇ ಲೆಕ್ಕ.

ಇನ್ನೊಂದು ಟಿಪಿಎಂ 2.0. ಇದು ಗುಟ್ಟಿನ ಕೀಲಿಗಳನ್ನು ಜೋಪಾನವಾಗಿಡುವ ಪುಟ್ಟ ಭಂಡಾರ. ಕೆಲವು ಯಂತ್ರಗಳಲ್ಲಿ ಬೇರೆ ಚಿಪ್ ಆಗಿರುತ್ತದೆ, ಕೆಲವದರಲ್ಲಿ ಪ್ರೊಸೆಸರಿನ ಒಳಗೇ ಇರುತ್ತದೆ. 2016ರ ಜುಲೈ ಕೊನೆಯಿಂದ ವಿಂಡೋಸ್ 10 ಹಾಕಿ ಮಾರುವ ಹೊಸ ಮಾದರಿಗಳಲ್ಲಿ ಇದು ಇರಲೇಬೇಕು ಅಂತ ಮೈಕ್ರೋಸಾಫ್ಟ್ ನಿಯಮ ಮಾಡಿತ್ತು. ಹಾಗಾಗಿ ಅನೇಕ ಯಂತ್ರಗಳಲ್ಲಿ ಅದು ಉಂಟು, ಆದರೆ ವಿಂಡೋಸ್ ಏಳುವ ಮೊದಲೇ ಓಡುವ ಯಂತ್ರದ ಮೂಲ ಸೆಟ್ಟಿಂಗಾದ ಬಯೋಸ್‌ನಲ್ಲಿ ಆಫ್ ಆಗಿ ಕೂತಿರುತ್ತದೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳಲ್ಲಿ ಇದು ಮಾಮೂಲು. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಅಂತ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹೆಸರಿರುತ್ತದೆ. ಆನ್ ಮಾಡಿದರೆ ಮುಗಿಯಿತು. ಆದರೆ ಒಂದು ಎಚ್ಚರ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ ಯಂತ್ರದಲ್ಲಿ ಬಯೋಸ್ ಮುಟ್ಟುವ ಮೊದಲು 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಅದು ಕೇಳಿದಾಗ ಕೈಯಲ್ಲಿ ಇಲ್ಲದಿದ್ದರೆ ನಿಮ್ಮ ಫೋಟೋಗಳೆಲ್ಲ ಒಳಗೆ, ನೀವು ಹೊರಗೆ.

ಇದನ್ನೆಲ್ಲ ನೋಡಿ ಹೇಳಲು ಮೈಕ್ರೋಸಾಫ್ಟಿನದ್ದೇ ಪಿಸಿ ಹೆಲ್ತ್ ಚೆಕ್ ಅನ್ನುವ ಉಚಿತ ಆ್ಯಪ್ ಉಂಟು. ಸಾಕು.

ಕಾಗದದ ಬಾಗಿಲು

ನಮ್ಮ ಕಡೆಯ ಹಳಬರಿಗೆ ಗೇಣಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡು ದಕ್ಷಿಣ ಕನ್ನಡದಲ್ಲೇ ಇದ್ದ ಕಾಲದಿಂದ, 1956ಕ್ಕೂ ಮೊದಲಿನಿಂದ, ಇಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡು ಬಗೆ ಇತ್ತು. ಮೂಲಗೇಣಿ ತಲೆಮಾರಿನಿಂದ ತಲೆಮಾರಿಗೆ ನಡೆಯುವಂಥದ್ದು. ಚಾಲಗೇಣಿ ವರ್ಷ ವರ್ಷದ್ದು. ಎರಡರಲ್ಲೂ ಭೂಮಿ ಧಣಿಗಳದ್ದೇ. ಉಳುವ ಹಕ್ಕು ಮಾತ್ರ ಒಕ್ಕಲಿನವನದ್ದು.

ವಿಂಡೋಸ್ ಲೈಸೆನ್ಸ್ ಹೆಚ್ಚುಕಡಿಮೆ ಹೀಗೆಯೇ. ನೀವು ವಿಂಡೋಸನ್ನು ಕೊಳ್ಳುವುದಿಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಕೊಳ್ಳುವುದಿಲ್ಲ. ಇದು ಮಾರಾಟವಲ್ಲ, ಬಳಸಲು ಕೊಟ್ಟ ಅನುಮತಿ ಅಂತ ಅದರ ಕರಾರಿನಲ್ಲೇ ಬರೆದಿದೆ. ನಾವು ಓದದೆ ಒತ್ತುವ "ಒಪ್ಪಿದ್ದೇನೆ" ಅನ್ನುವ ಬಟನ್ನೇ ಗೇಣಿಚೀಟಿನ ಹೆಬ್ಬೆಟ್ಟು. ಕೇರಳದಲ್ಲಿ 1970ರ ಜನವರಿ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಪದ್ಧತಿ ಹೋಗಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ತಂತ್ರಾಂಶಕ್ಕೆ ಅಂಥ ಕಾನೂನು ಇನ್ನೂ ಬಂದಿಲ್ಲ. ಇಲ್ಲಿ ಈಗಲೂ ನಾವೆಲ್ಲ ಒಕ್ಕಲುಗಳೇ.

ಈ ಚೀಟಿನಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಓಇಎಂ. ಲ್ಯಾಪ್‌ಟಾಪ್ ಕೊಳ್ಳುವಾಗ ವಿಂಡೋಸ್ ಒಳಗೇ ಬಂದಿದ್ದರೆ ಅದು ಇದು. ತಯಾರಿಸಿದ ಕಂಪೆನಿ ಹಾಕಿಕೊಟ್ಟದ್ದು. ಬೆಲೆ ಕಮ್ಮಿ, ಕಟ್ಟು ಜಾಸ್ತಿ. ಈ ಲೈಸೆನ್ಸ್ ಆ ಯಂತ್ರದ ಜೊತೆಗೇ ಹುಟ್ಟಿ ಆ ಯಂತ್ರದ ಜೊತೆಗೇ ಸಾಯುತ್ತದೆ. ಲ್ಯಾಪ್‌ಟಾಪ್ ಮಾರಿದರೆ ಅದೂ ಕೊಂಡವನಿಗೆ ಹೋಗುತ್ತದೆ. ಬಿಚ್ಚಿ ಬೇರೆ ಯಂತ್ರಕ್ಕೆ ಹಾಕುವ ಹಾಗಿಲ್ಲ. ಜಾಗ ಮಾರುವಾಗ ಬಾವಿಯನ್ನು ಹೊತ್ತುಕೊಂಡು ಹೋಗಲಿಕ್ಕೆ ಆಗ್ತದಾ?

ಎರಡನೆಯದು ರಿಟೇಲ್. ಬೇರೆಯಾಗಿ ದುಡ್ಡು ಕೊಟ್ಟು ತಂದದ್ದು. 25 ಅಕ್ಷರ-ಅಂಕೆಗಳ ಕೀ ಕೊಡುತ್ತಾರೆ. ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ಆದರೆ ಒಂದು ಹೊತ್ತಿಗೆ ಒಂದೇ ಯಂತ್ರ. ಇದು ಬಾವಿ ಅಲ್ಲ, ಪಂಪು. ಬಿಚ್ಚಿಕೊಂಡು ಹೋಗಬಹುದು, ಎರಡು ತೋಟಕ್ಕೆ ಒಟ್ಟಿಗೆ ಇಡಲಾಗದು.

ಮೂರನೆಯದು ವಾಲ್ಯೂಮ್. ದೊಡ್ಡ ಕಚೇರಿ, ಕಾಲೇಜು, ಕಂಪೆನಿಗಳು ಸಗಟಾಗಿ ಮಾಡಿಕೊಳ್ಳುವ ಒಪ್ಪಂದ. ಇದರಲ್ಲಿ ಕೆಎಂಎಸ್ ಅನ್ನುವ ಒಂದು ವ್ಯವಸ್ಥೆ ಉಂಟು. ಸಂಸ್ಥೆಯೊಳಗೆ ಒಂದು ಸರ್ವರ್ ಇರುತ್ತದೆ. ಕಡೇಪಕ್ಷ 25 ಕಂಪ್ಯೂಟರುಗಳು ಅದಕ್ಕೆ ಹಾಜರಿ ಹಾಕಿದರೆ ಮಾತ್ರ ಅದು ವಿಂಡೋಸನ್ನು ಆಕ್ಟಿವೇಟ್ ಮಾಡುತ್ತದೆ. ಹಾಗೆ ಸಿಕ್ಕ ಅನುಮತಿಯ ಆಯುಸ್ಸು 180 ದಿನ. ಅಷ್ಟರೊಳಗೆ ಮತ್ತೆ ಸರ್ವರಿಗೆ ಮುಖ ತೋರಿಸಬೇಕು. ಅಪ್ಪಟ ಚಾಲಗೇಣಿ.

ನಿಮ್ಮದು ಯಾವುದು ಅಂತ ತಿಳಿಯುವುದು ಸುಲಭ. ವಿಂಡೋಸ್ ಕೀಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಅನ್ನುವ ಐದು ಇಂಗ್ಲಿಷ್ ಅಕ್ಷರ ಸೇರಿಸಿ ಬರೆಯಿರಿ. ಒಂದು ಜಾಗ ಬಿಡಿ. ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ಡಿ, ಎಲ್, ಐ ಬರೆದು ಎಂಟರ್ ಒತ್ತಿ. ಸ್ವಲ್ಪ ತಡೆದು ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ ಓಇಎಂ, ರಿಟೇಲ್, ವಾಲ್ಯೂಮ್ ಇವುಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ. ಅದೇ ನಿಮ್ಮ ಜಾತಕ.

ಮನೆಯ ಒಂಟಿ ಕಂಪ್ಯೂಟರಿನಲ್ಲಿ ವಾಲ್ಯೂಮ್ ಅಂತ ಬಂದರೆ ಅಲ್ಲೇ ನಿಲ್ಲಿ. 25 ಕಂಪ್ಯೂಟರಿನ ಸಂಸ್ಥೆ ನಿಮ್ಮ ಚಾವಡಿಯಲ್ಲಿ ಇಲ್ಲವಲ್ಲ?

ಅಟ್ಟದಲ್ಲಿ ಕಾಯಿ, ಪೇಟೆಯಲ್ಲಿ ಕ್ರಯ

ಇದು ನನಗೇ ಆದದ್ದು. ನನ್ನ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಒಂದು ಮಳೆಗಾಲದಲ್ಲಿ ಹೋಯಿತು. ಪೇಟೆಯ ಒಂದು ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸನ್ನೂ ಹಾಕಿಸಿಕೊಂಡು ಬಂದೆ. ನಮ್ಮ ಕಡೆ "ಫಾರ್ಮ್ಯಾಟ್ ಮಾಡಿಸುವುದು" ಅಂದರೆ ಇದೇ. ತೆರೆದು ನೋಡಿದರೆ ವಿಂಡೋಸ್ ಪ್ರೊ! ಮೊದಲು ಇದ್ದದ್ದು ಹೋಮ್, ಅಂದರೆ ಮನೆ ಬಳಕೆಯ ಆವೃತ್ತಿ; ಪ್ರೊ ಕಚೇರಿಯವರದ್ದು. ದೊಡ್ಡದ್ದು ಸಿಕ್ಕಿತು ಅಂತ ಖುಷಿಪಟ್ಟೆ. ಆರು ತಿಂಗಳ ಹೊತ್ತಿಗೆ ಪರದೆಯ ಮೇಲೆ ಸೂಚನೆ ಬಂತು. ನಿಮ್ಮ ಲೈಸೆನ್ಸ್ ಬೇಗನೆ ಮುಗಿಯುತ್ತದೆ ಅಂತ. ಮೇಲೆ ಹೇಳಿದ ಕಿಟಕಿ ತೆರೆದು ನೋಡಿದೆ. ವಾಲ್ಯೂಮ್.

ನಡೆದದ್ದು ಇಷ್ಟು. ಅಂಗಡಿಯವನ ಪೆನ್‌ಡ್ರೈವಿನಲ್ಲಿ ಇದ್ದದ್ದು ಪ್ರೊ. ಅದನ್ನು ಹಾಕಿದ. ಲೈಸೆನ್ಸ್ ಇಲ್ಲದ್ದಕ್ಕೆ ಆಕ್ಟಿವೇಟರ್ ಅನ್ನುವ ಕಳ್ಳ ತಂತ್ರಾಂಶ ಓಡಿಸಿದ. ಅದು ಸುಳ್ಳು ಕೆಎಂಎಸ್ ಸರ್ವರಿನ ವೇಷ ಹಾಕಿ ವಿಂಡೋಸಿನ ಕಣ್ಣಿಗೆ ಮಣ್ಣೆರಚುತ್ತದೆ. ಅದನ್ನು ಓಡಿಸಬೇಕಾದರೆ ಆಂಟಿವೈರಸ್ ಆಫ್ ಮಾಡಬೇಕು. ಒಳಗೆ ಇನ್ನೇನು ಬಂತು ಅಂತ ಯಾರಿಗೆ ಗೊತ್ತು?

ತಮಾಷೆ ಎಲ್ಲಿ ಅಂದರೆ, ನನ್ನ ಅಸಲಿ ಲೈಸೆನ್ಸ್ ಲ್ಯಾಪ್‌ಟಾಪಿನಲ್ಲೇ ಇತ್ತು. ವಿಂಡೋಸ್ 8ರ ಕಾಲದಿಂದ ಕಂಪೆನಿಯವರು ಓಇಎಂ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್ ಒಳಗೇ ಬರೆದು ಕೊಡುತ್ತಾರೆ. ಹಿಂದೆ ಲ್ಯಾಪ್‌ಟಾಪಿನ ಅಡಿಯಲ್ಲಿ ಅಂಟಿಸುತ್ತಿದ್ದ ಚೀಟಿ ಈಗ ಕಾಣದಿರುವುದು ಅದಕ್ಕೇ. ಹಾರ್ಡ್‌ಡಿಸ್ಕ್ ಹೋದರೂ ಆ ಕೀ ಹೋಗುವುದಿಲ್ಲ. ಅಟ್ಟದಲ್ಲಿ ತೆಂಗಿನಕಾಯಿ ರಾಶಿ ಬಿದ್ದಿರುವಾಗ ಪೇಟೆಯಿಂದ ಕೊಳೆತ ಕಾಯಿ ತಂದ ಹಾಗಾಯಿತು ನನ್ನ ಕತೆ.

ಸರಿ ಮಾಡಿದ್ದು ಹೀಗೆ. ಮೈಕ್ರೋಸಾಫ್ಟಿನ ಜಾಲತಾಣದಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು ಪೆನ್‌ಡ್ರೈವ್ ಮಾಡಿದೆ. ಫೈಲುಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು ಹೊಸದಾಗಿ ಹಾಕಿದೆ. ಬೋರ್ಡಿನಲ್ಲಿದ್ದ ಕೀಯನ್ನು ಅದೇ ಓದಿಕೊಂಡಿತು. ಯಾವ ಆವೃತ್ತಿ ಅಂತಲೂ ನನ್ನನ್ನು ಕೇಳಲಿಲ್ಲ. ಇಂಟರ್‌ನೆಟ್ ಸಿಕ್ಕಿದ್ದೇ ತಡ, ಆಕ್ಟಿವೇಟ್ ಆಯಿತು. ಒಂದು ರೂಪಾಯಿ ಖರ್ಚಿಲ್ಲ.

ಇದರಿಂದ ಅಪ್‌ಗ್ರೇಡ್ ಮಾಡುವವರಿಗೆ ತಿಳಿಯಬೇಕಾದ ಸಂಗತಿ ಒಂದು ಉಂಟು. "ಉಚಿತ ಅಪ್‌ಗ್ರೇಡ್" ಅಂದರೆ ಹೊಸ ಲೈಸೆನ್ಸ್ ಕೊಡುವುದಲ್ಲ. ಇರುವ ಲೈಸೆನ್ಸೇ ಮುಂದಿನ ವಿಂಡೋಸಿಗೂ ಸಲ್ಲುತ್ತದೆ ಅಂತ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ. ಅಸಲಿ ಅಸಲಿಯಾಗಿಯೇ ಹೋಗುತ್ತದೆ. ಕಳ್ಳಮಾಲು ಕಳ್ಳಮಾಲಾಗಿಯೇ ಉಳಿಯುತ್ತದೆ. ನೆಟ್‌ನಲ್ಲಿ ನಾನೂರು ಐನೂರು ರೂಪಾಯಿಗೆ ಕೀ ಮಾರುವವರಿದ್ದಾರಲ್ಲ, ಅವುಗಳಲ್ಲಿ ಎಷ್ಟೋ ಕೀಗಳು ಯಾವುದೋ ಸಂಸ್ಥೆಯ ಸಗಟು ಒಪ್ಪಂದದಿಂದ ಸೋರಿ ಬಂದವು. ಇವತ್ತು ಕೆಲಸ ಮಾಡುತ್ತವೆ. ನಾಳೆ ರದ್ದಾದರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ. ನಾನಂತೂ ಬೇಡ ಅನ್ನುತ್ತೇನೆ.

ಸಿಡಿಲು ಬಡಿದರೆ?

ನಮ್ಮಲ್ಲಿ ತುಲಾಮಾಸದ, ಅಂದರೆ ಅಕ್ಟೋಬರ್-ನವೆಂಬರಿನ, ಸಿಡಿಲಿಗೆ ವರ್ಷಕ್ಕೆ ಎಷ್ಟು ಮೋಡೆಮ್, ಎಷ್ಟು ಬೋರ್ಡು ಹೋಗುತ್ತವೋ. ಲೈಸೆನ್ಸ್ ದೃಷ್ಟಿಯಲ್ಲಿ ಮದರ್‌ಬೋರ್ಡ್ ಅಂದರೇ ಕಂಪ್ಯೂಟರ್. ರ‍್ಯಾಮ್, ಡಿಸ್ಕ್, ಪರದೆ ಬದಲಿಸಿದರೆ ಏನೂ ಆಗದು. ಬೋರ್ಡ್ ಬದಲಾದರೆ ಇದು ಬೇರೆ ಯಂತ್ರ ಅಂತ ವಿಂಡೋಸ್ ಲೆಕ್ಕ ಹಾಕುತ್ತದೆ. ರಿಟೇಲ್ ಇದ್ದವರು ಹೊಸ ಬೋರ್ಡಿಗೆ ಒಯ್ಯಬಹುದು. ಓಇಎಂ ಇದ್ದವರಿಗೆ, ಬೋರ್ಡ್ ಕೆಟ್ಟುಹೋಗಿ ತಯಾರಕರೇ ಬದಲಿಸಿಕೊಟ್ಟರೆ ಅದು ಹಳೆಯ ಯಂತ್ರವೇ ಅಂತ ಲೆಕ್ಕ. ನೀವೇ ವೇಗ ಹೆಚ್ಚಲಿ ಅಂತ ಬೇರೆ ಬೋರ್ಡ್ ಹಾಕಿಸಿದರೆ ಹಳೆಯ ಲೈಸೆನ್ಸ್ ಸಲ್ಲುವುದಿಲ್ಲ.

ಮೊದಲೇ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ. ಸೆಟ್ಟಿಂಗ್ಸಿನ ಆಕ್ಟಿವೇಷನ್ ಪುಟದಲ್ಲಿ "ಡಿಜಿಟಲ್ ಲೈಸೆನ್ಸ್, ನಿಮ್ಮ ಖಾತೆಗೆ ಜೋಡಿಸಲಾಗಿದೆ" ಅನ್ನುವ ಅರ್ಥದ ಸಾಲು ಇಂಗ್ಲಿಷಿನಲ್ಲಿ ಕಾಣಬೇಕು. ನಂತರ ಬೋರ್ಡ್ ಬದಲಾದರೆ ಟ್ರಬಲ್‌ಶೂಟರಿನಲ್ಲಿ "ಈಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ" ಅಂತ ಹೇಳಿ ಹಕ್ಕು ಕೇಳುವುದಕ್ಕೆ ಅದು ದಾರಿ.

ಒಂದೇ ಭಾಷೆಯ ಮನೆ

ಈಗ ಅಕ್ಕನ ಮಗಳ ಸಮಸ್ಯೆಗೆ ಬರೋಣ. ಭಾರತದಲ್ಲಿ ಮಾರಾಟವಾಗುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇರುವುದು ಬರೀ ಹೋಮ್ ಅಲ್ಲ, ಹೋಮ್ ಸಿಂಗಲ್ ಲ್ಯಾಂಗ್ವೇಜ್. ಭಾರತದಂಥ ಮಾರುಕಟ್ಟೆಗಳಿಗೆ ಅಂತಲೇ, ಲ್ಯಾಪ್‌ಟಾಪ್ ತಯಾರಕರ ಮೂಲಕ ಮಾತ್ರ ಬರುವ ಆವೃತ್ತಿ ಇದು. ಉಳಿದೆಲ್ಲ ಹೋಮ್‌ನ ಹಾಗೆಯೇ. ಒಂದೇ ವ್ಯತ್ಯಾಸ. ಮೆನು, ಸೂಚನೆ, ಬಟನ್ನುಗಳು ಕಾಣುವ ಭಾಷೆ ಒಂದೇ. ವಿಂಡೋಸ್ 10ರಲ್ಲಿ ಸಿಂಗಲ್ ಲ್ಯಾಂಗ್ವೇಜ್ ಇದ್ದರೆ ವಿಂಡೋಸ್ 11ಕ್ಕೆ ಹೋದ ಮೇಲೂ ಅದೇ. ಎರಡು ಭಾಷೆ ಬೇಕಾದರೆ ದುಡ್ಡು ಕೊಟ್ಟು ಪ್ರೊದಂಥ ಬೇರೆ ಆವೃತ್ತಿಗೆ ಏರಬೇಕು.

ಒಂದೊಂದು ಹಳ್ಳಿಗೂ ಎರಡು ಮೂರು ಭಾಷೆ ಇರುವ ದೇಶಕ್ಕೆ ಒಂದೇ ಭಾಷೆಯ ಆವೃತ್ತಿ ಕಳಿಸಿದ್ದನ್ನು ಕಂಡರೆ, ಇದನ್ನು ತೀರ್ಮಾನಿಸಿದವರು ಕುಂಬಳೆಯ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷವೂ ನಿಂತವರಲ್ಲ ಅನ್ನಿಸುತ್ತದೆ. ಇರಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಉಂಟು. ಸಿಂಗಲ್ ಲ್ಯಾಂಗ್ವೇಜ್ ಅಂದರೆ ಕನ್ನಡ ಬರೆಯಲಾಗದು ಅಂತ ಅರ್ಥವಲ್ಲ. ಕನ್ನಡದಲ್ಲಿ ಬರೆಯಬಹುದು, ಓದಬಹುದು, ಮಲಯಾಳವನ್ನೂ ಜೊತೆಗೆ ಹಾಕಿಕೊಳ್ಳಬಹುದು. ಕೀಬೋರ್ಡುಗಳಿಗೆ ಆ ಮಿತಿ ಇಲ್ಲ. ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಗೊತ್ತಿಲ್ಲದವರಿಗೆ 2019ರ ಮೇ ಅಪ್‌ಡೇಟಿನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ವಿಂಡೋಸಿನ ಜೊತೆಗೇ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಒತ್ತಿದರೆ ಕನ್ನಡ ಮೂಡುತ್ತದೆ. ಬಹುಪಾಲು ಜನರಿಗೆ ಬೇಕಾದದ್ದು ಇಷ್ಟೇ ಅಲ್ವಾ?

ಇನ್ನು ಕನ್ನಡದ ಮೆನು. ಲೈಸೆನ್ಸ್ ಅನುಮತಿಸಿದರೂ ಅದು ಪೂರ್ತಿ ಕನ್ನಡ ಅಲ್ಲ. ಇಂಗ್ಲಿಷಿನ ಮೇಲೆ ಹೊದೆಸಿದ ಪದರ. ಅನುವಾದ ಆಗದ ಕಡೆಗಳಲ್ಲಿ ಇಂಗ್ಲಿಷ್ ಇಣುಕುತ್ತದೆ. ಅದೊಂದಕ್ಕೋಸ್ಕರ ಸಾವಿರಗಟ್ಟಲೆ ರೂಪಾಯಿ ಕೊಟ್ಟು ಪ್ರೊಗೆ ಹೋಗು ಅಂತ ನಾನು ಅವಳಿಗೆ ಹೇಳಲಿಲ್ಲ. ಕಚೇರಿಯ ಕಂಪ್ಯೂಟರುಗಳ ಜಾಲವಾದ ಡೊಮೈನ್‌ಗೆ ಸೇರಿಸುವುದು, ದೂರದಿಂದ ಈ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಬರುವುದು, ಇಂಥ ಅಗತ್ಯ ಇದ್ದರೆ ಪ್ರೊ ಬೇಕು. ಮನೆಗೆ ಹೋಮ್ ಸಾಕು.

ಅಕ್ಷರಕ್ಕೂ ಲೈಸೆನ್ಸ್ ಉಂಟು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಕ್ಸ್‌ಪಿ ಕಾಲದಲ್ಲಿ ನಾವು ತುಂಗಾ ಫಾಂಟಿನಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಹೊಸ ವಿಂಡೋಸಿನಲ್ಲಿ ತೆರೆದಾಗ ಸಾಲು ಮುರಿದು ಬೇರೆಯಾಗಿ ಕಾಣುತ್ತವೆ. ಈಗ ಕನ್ನಡಕ್ಕೆ ಇರುವುದು ನಿರ್ಮಲಾ. ತುಂಗಾ ಬೇಕಾದರೆ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಉಂಟು, ಅದನ್ನು ಹಾಕಿಕೊಂಡರಾಯಿತು. ಪೆನ್‌ಡ್ರೈವಿನಲ್ಲಿ ಫಾಂಟ್ ಹೊತ್ತು ತಿರುಗುವುದು ಬೇಡ. ಅದು ವಿಂಡೋಸಿನ ಜೊತೆ ಬಳಸಲು ಮಾತ್ರ ಕೊಟ್ಟದ್ದು.

ಡಿಟಿಪಿ ಅಂಗಡಿಯ ಸಂಕಟ

ಎಲ್ಲಕ್ಕಿಂತ ಕಷ್ಟ ಡಿಟಿಪಿಯವರದ್ದು. ನನ್ನ ಭಾವನ ಅಂಗಡಿಯಲ್ಲಿ ಮದುವೆ ಕಾಗದ, ನೇಮದ ಆಮಂತ್ರಣ, ಬ್ರಹ್ಮಕಲಶದ ಕರಪತ್ರ ಎಲ್ಲ ಆಗುವುದು ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟು, ಅದಕ್ಕೊಂದು ಡಾಂಗಲ್. ಪೆನ್‌ಡ್ರೈವಿನ ಹಾಗೆ ಕಾಣುವ ಆ ಬೀಗವನ್ನು ಸಿಕ್ಕಿಸಿದರೆ ಮಾತ್ರ ಕನ್ನಡ ತಂತ್ರಾಂಶ ಓಡುತ್ತದೆ. ಅದರ ಲೈಸೆನ್ಸ್ ಕೂತಿರುವುದೇ ಡಾಂಗಲಿನಲ್ಲಿ.

ಅವನ ವಿಂಡೋಸ್ 10 ಬೇರೆ 32 ಬಿಟ್ಟಿನದ್ದು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. 32ರಿಂದ ಅದಕ್ಕೆ ನೇರ ಏಣಿ ಇಲ್ಲ. ಯಂತ್ರಕ್ಕೆ ತಾಕತ್ತಿದ್ದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಲೈಸೆನ್ಸಿಗೆ ತೊಂದರೆ ಇಲ್ಲ, ಅದೇ ಕೀ ಎರಡಕ್ಕೂ ಸಲ್ಲುತ್ತದೆ. ತೊಂದರೆ ಇರುವುದು ಡಾಂಗಲಿಗೆ. ಅದನ್ನು ವಿಂಡೋಸಿಗೆ ಪರಿಚಯಿಸುವ 32 ಬಿಟ್ಟಿನ ಡ್ರೈವರ್ 64ರಲ್ಲಿ ನಡೆಯುವುದಿಲ್ಲ. ಹೊಸ ಡ್ರೈವರ್ ತಯಾರಕರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 64ಕ್ಕೆ ಇದ್ದರೂ ತೀರಾ ಹಳೆಯದಾದರೆ ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಅನ್ನುವ ಕಾವಲು ಅದನ್ನು ತಡೆಯಬಹುದು. 16 ಬಿಟ್ಟಿನ ಪುರಾತನ ಪ್ರೋಗ್ರಾಮುಗಳಂತೂ 64ರಲ್ಲಿ ಓಡುವುದೇ ಇಲ್ಲ.

"ಹಾಗಾದ್ರೆ ನಾನು ಅಂಗಡಿ ಮುಚ್ಚುದಾ ಭಾವ?" ಅಂತ ಕೇಳಿದ. ಮುಚ್ಚಬೇಡ ಮಾರಾಯ, ನೆಟ್ ಕೇಬಲ್ ಕಿತ್ತುಹಾಕು ಅಂದೆ. ಹಳೆಯ ಯಂತ್ರ ಪೇಜ್‌ಮೇಕರಿಗೆ ಮಾತ್ರ ಇರಲಿ. ಇಮೇಲ್, ವಾಟ್ಸ್ಆ್ಯಪ್, ಗಿರಾಕಿಗಳ ಪೆನ್‌ಡ್ರೈವ್ ಎಲ್ಲ ಇನ್ನೊಂದರಲ್ಲಿ. ಅದರಿಂದ ಶುದ್ಧ ಮಾಡಿದ ಫೈಲು ಇದಕ್ಕೆ ಬರಲಿ.

ಸಂದಿಯಲ್ಲಿ ನುಗ್ಗುವವರು

ಯಂತ್ರ ಅರ್ಹವಲ್ಲದಿದ್ದರೂ ವಿಂಡೋಸ್ 11 ಹಾಕಿಕೊಡುತ್ತೇನೆ ಅನ್ನುವವರು ಇದ್ದಾರೆ. ಪರೀಕ್ಷೆಯನ್ನು ತಪ್ಪಿಸುವ ದಾರಿಗಳು ಇರುವುದು ನಿಜ. ಲೈಸೆನ್ಸ್ ಅಸಲಿಯಾಗಿದ್ದರೆ ಆಕ್ಟಿವೇಟ್ ಕೂಡ ಆಗುತ್ತದೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಅಂತ ಮೈಕ್ರೋಸಾಫ್ಟ್ ಹೇಳಿದೆ. ಅಪ್‌ಡೇಟಿಗೋಸ್ಕರ ಮನೆ ಬದಲಿಸಿ ಅಪ್‌ಡೇಟ್ ಖಾತ್ರಿ ಇಲ್ಲದ ಮನೆಗೆ ಹೋದ ಹಾಗೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ತೀರಾ ಹಳೆಯ ಕೆಲವು ಪ್ರೊಸೆಸರುಗಳಲ್ಲಿ ಅದು ಆನ್ ಆಗಲೇ ಇಲ್ಲ. ಬೇಕಾದ ಆದೇಶಗಳೇ ಆ ಚಿಪ್ಪುಗಳಲ್ಲಿ ಇರಲಿಲ್ಲ.

ಅದಕ್ಕಿಂತ ವಿಂಡೋಸ್ 10ರಲ್ಲೇ ಉಳಿದು ಇಎಸ್‌ಯು, ಅಂದರೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟಿಗೆ ಹೆಸರು ಕೊಡುವುದು ಮೇಲು. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಅಂತ ಇದನ್ನು ತಂದರು. 30 ಡಾಲರ್ ಕಟ್ಟಬಹುದು. ಇಲ್ಲವೇ ಸೆಟ್ಟಿಂಗ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಒಂದು ಖಾತೆಯಲ್ಲಿ 10 ಯಂತ್ರಗಳವರೆಗೆ ಸೇರಿಸಬಹುದು.

ಅರ್ಹ ಯಂತ್ರದಲ್ಲಿ ಅಪ್‌ಗ್ರೇಡ್ ಮಾಡಿ ಹಿಡಿಸದಿದ್ದರೆ 10 ದಿನದೊಳಗೆ ಹಿಂದಕ್ಕೆ ಹೋಗಬಹುದು. ಹನ್ನೊಂದನೇ ದಿನ ನನಗೆ ಫೋನ್ ಮಾಡುವವರು ಇದನ್ನು ದಯವಿಟ್ಟು ಎರಡು ಸಲ ಓದಿ.

ಶಾಲೆಯ ಚೀಟು ಬೇರೆ

ಇಷ್ಟೆಲ್ಲ ರಗಳೆ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇರಲಿಲ್ಲ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದು ಕೈಟ್ ಅನ್ನುವ ಸಂಸ್ಥೆಯಾಯಿತು. ಶಾಲೆಗಳಲ್ಲಿ ಓಡುವುದು ಉಬುಂಟು ಆಧರಿಸಿ ಅವರೇ ಸಿದ್ಧಪಡಿಸಿದ ಲಿನಕ್ಸ್, ವಿಂಡೋಸಿನ ಜಾಗದಲ್ಲಿ ಕೂರುವ ಮುಕ್ತ ತಂತ್ರಾಂಶ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುವುದು. ಒಂದು ಪೆನ್‌ಡ್ರೈವಿನಿಂದ ಇಪ್ಪತ್ತು ಲ್ಯಾಪ್‌ಟಾಪಿಗೆ ಹಾಕಿದ್ದೇವೆ, ಮಕ್ಕಳ ಮನೆಗೂ ಕೊಟ್ಟಿದ್ದೇವೆ. ಕೀ ಕೇಳುವುದಿಲ್ಲ. ಬೋರ್ಡ್ ಬದಲಾದರೆ ತಕರಾರಿಲ್ಲ. ಎಷ್ಟು ಭಾಷೆ ಬೇಕಾದರೂ ಹಾಕಿಕೊಳ್ಳಿ.

ಇಲ್ಲಿಯೂ ಲೈಸೆನ್ಸ್ ಇಲ್ಲ ಅಂತಲ್ಲ. ಲಿನಕ್ಸಿನ ತಿರುಳು ಜಿಪಿಎಲ್ ಅನ್ನುವ ಲೈಸೆನ್ಸಿನ ಎರಡನೇ ಆವೃತ್ತಿಯಲ್ಲಿದೆ. ಅದರಲ್ಲಿಯೂ ಷರತ್ತು ಉಂಟು, ಆದರೆ ಉಲ್ಟಾ. ಹಂಚಬೇಡ ಅನ್ನುವುದಿಲ್ಲ. ಹಂಚು, ಆದರೆ ನೀನು ತಿದ್ದಿ ಹಂಚಿದರೆ ತಿದ್ದಿದ ಪ್ರೋಗ್ರಾಮಿನ ಮೂಲ ಬರಹವನ್ನೂ (ಸೋರ್ಸ್ ಕೋಡ್) ಕೊಡು, ಪಡೆದವನಿಗೂ ಇದೇ ಹಕ್ಕು ಇರಲಿ ಅನ್ನುತ್ತದೆ.

ಹಾಗಂತ ಇದಕ್ಕೆ ಮುಪ್ಪಿಲ್ಲ ಅಂದುಕೊಳ್ಳಬೇಡಿ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ ಮಾಮೂಲಿ ಬೆಂಬಲ 5 ವರ್ಷ. 18.04 ಅನ್ನುವ ಆವೃತ್ತಿಯದ್ದು 2023ರಲ್ಲಿ ಮುಗಿಯಿತು. ಶಾಲೆಗಳಿಗೂ 22.04 ಆಧರಿಸಿದ ಹೊಸದು ಬಂತು. ಅಪ್‌ಗ್ರೇಡಿನ ಕೆಲಸ ತಪ್ಪಲಿಲ್ಲ, ಅನುಮತಿಯ ಚಿಂತೆ ಮಾತ್ರ ಇರಲಿಲ್ಲ. ಭಾವನ ಡಾಂಗಲಿಗೆ, ಪೇಜ್‌ಮೇಕರಿಗೆ ಇದು ಆಗುವುದಿಲ್ಲ. ಆದರೆ ಬ್ರೌಸರು, ಪತ್ರ, ಲೆಕ್ಕಪತ್ರ ಸಾಕು ಅನ್ನುವ ಮನೆಯ ಏಳನೇ ತಲೆಮಾರಿನ ಲ್ಯಾಪ್‌ಟಾಪಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಕ್ಕನ ಮಗಳಿಗೆ ಫೋನಿನಲ್ಲೇ ಫೊನೆಟಿಕ್ ಕೀಬೋರ್ಡ್ ಹಾಕಿಸಿದೆ. ಅರ್ಧ ಗಂಟೆ ಬಿಟ್ಟು ಲ್ಯಾಪ್‌ಟಾಪಿನಿಂದಲೇ ಕನ್ನಡದಲ್ಲಿ ಸಂದೇಶ ಬಂತು. "ಮಾವ, ಬರೀಲಿಕ್ಕೆ ಆಗ್ತದೆ. ಮೆನು ಇಂಗ್ಲಿಷೇ ಇರ್ಲಿ. ನಮ್ಮ ಶಾಲೆಯ ಆ ಹಳೇ ಪೆನ್‌ಡ್ರೈವ್ ನಿಮ್ಮತ್ರ ಇನ್ನೂ ಉಂಟಾ? ಅಪ್ಪನ ಕಂಪ್ಯೂಟರಿಗೆ ಹಾಕಿ ನೋಡ್ವ."

ಪೆನ್‌ಡ್ರೈವ್ ಉಂಟು. ಅದರಲ್ಲಿ ಇರುವುದು 18.04. ಹೊಸದನ್ನು ಇಳಿಸಿಕೊಂಡು ಭಾನುವಾರ ಹೊರಡಬೇಕು.